ಇನ್‌ಹೇಲರ್ ಹೇಳಿಕೊಡುವವರಿಗೆ ಹೇಳಿಕೊಟ್ಟವರು ಯಾರು?

ನಮ್ಮಮ್ಮನಿಗೆ ಉಬ್ಬಸಕ್ಕೆ ಮೊದಲ ಸಲ ಇನ್‌ಹೇಲರ್ ಬರೆದುಕೊಟ್ಟಾಗ ಸಿಕ್ಕ ಪಾಠ ಇಷ್ಟೇ: "ಬಾಯಲ್ಲಿಟ್ಟು ಒತ್ತಿ, ಎಳ್ಕೊಳ್ಳಿ." ಅಮ್ಮ ಹಾಗೇ ಮಾಡುತ್ತಿದ್ದರು. ಮೊದಲು ಒತ್ತೋದು, ಆಮೇಲೆ ಉಸಿರು ಎಳೆಯೋದು. ಅಷ್ಟರಲ್ಲಿ ತುಟಿ ಸಂದಿಯಿಂದ ಬಿಳಿ ಹೊಗೆ ಆಚೆ ಬಂದಿರುತ್ತಿತ್ತು. ತಿಂಗಳುಗಟ್ಟಲೆ ಔಷಧಿ ನಾಲಿಗೆಗೆ ಹೋಯಿತು, ಎದೆಗೆ ಇಳಿಯಲಿಲ್ಲ. ನನಗೆ ತುಂಬಾ ಸಿಟ್ಟು ಬಂದಿತ್ತು. ಈ ವಿಷಯದ ಹಿಂದಿನ ಕಥೆ ಓದಿದ ಮೇಲೆ ಆ ಸಿಟ್ಟು ಒಬ್ಬರ ಮೇಲೆ ಉಳಿಯಲಿಲ್ಲ.

ಕಥೆ ಶುರುವಾಗೋದು 1955ರಲ್ಲಿ. ಅಮೆರಿಕದ ಔಷಧಿ ಕಂಪನಿ ರೈಕರ್ ಲ್ಯಾಬೊರೇಟರೀಸ್‌ನ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳಿಗೆ ಆಸ್ತಮಾ ಇತ್ತು. ರಬ್ಬರ್ ಬುಡ್ಡೆ ಹಿಸುಕಿ ಔಷಧಿ ಎಳೆದುಕೊಳ್ಳುವ ಗಾಜಿನ ಉಪಕರಣ ಅವಳಿಗೆ ಬೇಸರ ತಂದಿತ್ತು. ತಲೆಗೂದಲ ಸ್ಪ್ರೇ ಥರ ಇದೂ ಡಬ್ಬಿಯಲ್ಲಿ ಯಾಕೆ ಬರಬಾರದು ಅಂತ ಅಪ್ಪನನ್ನು ಕೇಳಿದಳು. ಮರುವರ್ಷವೇ ಮೆಡಿಹೇಲರ್ ಅನ್ನುವ ಒತ್ತುವ ಡಬ್ಬಿ, ಅಂದರೆ ಪಂಪು, ಮಾರಾಟಕ್ಕೆ ಬಂತು.

ಜೇಬಿಗೆ ಹಿಡಿಸುವ ಡಬ್ಬಿಯೇನೋ ಬಂತು. ಆದರೆ ಅದರ ಜೊತೆ ಒಂದು ಕಷ್ಟವೂ ಬಂತು. ಮೊದಲು ಡಬ್ಬಿ ಅಲುಗಾಡಿಸಬೇಕು, ಉಸಿರು ಪೂರ್ತಿ ಬಿಡಬೇಕು. ನಿಧಾನಕ್ಕೆ ಎಳೆಯಲು ಶುರು ಮಾಡಿದ ಕ್ಷಣದಲ್ಲೇ ಒತ್ತಬೇಕು. ಆಮೇಲೆ ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಹಳೆಯ ಪಂಪುಗಳಲ್ಲಿ ಇಷ್ಟೆಲ್ಲ ಸರಿ ಮಾಡಿದರೂ ಔಷಧಿಯ ಹತ್ತು ಪಾಲಿನಲ್ಲಿ ಒಂದೆರಡು ಮಾತ್ರ ಶ್ವಾಸಕೋಶ ಮುಟ್ಟುತ್ತಿತ್ತು.

ಮುಂದೆ ಪುಡಿ ಎಳೆಯುವ ಉಪಕರಣಗಳು ಬಂದವು. ನಮ್ಮಲ್ಲಿ ಕ್ಯಾಪ್ಸೂಲ್ ಹಾಕಿ ತಿರುಗಿಸುವ ರೋಟಾಹೇಲರ್ ಎಲ್ಲರಿಗೂ ಗೊತ್ತಲ್ವಾ, ಅದೇ ಜಾತಿ. ಇಲ್ಲಿ ಪಾಠ ತಿರುಗುಮುರುಗು. ಪಂಪನ್ನು ನಿಧಾನಕ್ಕೆ ಎಳೆಯಬೇಕು, ಪುಡಿಯನ್ನು ಜೋರಾಗಿ, ಒಂದೇ ದಮ್ಮಿಗೆ. ಅದರೊಳಗೆ ಉಸಿರು ಊದಿದರೆ ಪುಡಿ ಹಾಳು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಓಝೋನ್ ಪದರಕ್ಕೆ ಕೇಡು ಮಾಡುವ ಅನಿಲವನ್ನು ಪಂಪುಗಳಿಂದಲೂ ತೆಗೆಯಬೇಕಾಯಿತು. ಹೊಸ ಪಂಪು, ಹೊಸ ಪುಡಿ ಉಪಕರಣ ಒಂದರ ಹಿಂದೆ ಒಂದು ಬಂದವು.

ಇವನ್ನೆಲ್ಲ ಹೇಳಿಕೊಡಬೇಕಾದವರು ತಾವು ಎಷ್ಟು ಕಲಿತಿದ್ದರು? 2018ರಲ್ಲಿ ಪ್ರಕಟವಾದ ಒಂದು ವಿಮರ್ಶೆ 55 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿತು. 6,304 ವೈದ್ಯರು, ನರ್ಸ್‌ಗಳು, ಇತರ ಆರೋಗ್ಯ ಸಿಬ್ಬಂದಿಯ ಲೆಕ್ಕ ಅದು. ಸರಿಯಾಗಿ ಬಳಸಿ ತೋರಿಸಿದ್ದು ನೂರಕ್ಕೆ 15.5ರಷ್ಟು ಮಾತ್ರ. ಇನ್ನೂ ನೋವಿನ ಸಂಗತಿ ಇದೆ. 1975ರಿಂದ 1995ರವರೆಗೆ 20.5 ಇದ್ದದ್ದು, ನಂತರದ ಅವಧಿಯಲ್ಲಿ 10.8ಕ್ಕೆ ಇಳಿದಿತ್ತು. ಪಂಪಿನಲ್ಲಿ ಹೆಚ್ಚು ಕಂಡ ತಪ್ಪು, ಎಳೆಯುವ ಮೊದಲು ಉಸಿರು ಪೂರ್ತಿ ಬಿಡದಿರುವುದು.

ನನಗೆ ಕಾಣುವ ಕಾರಣ ಸರಳ. ಔಷಧಿ ಏನು ಮಾಡುತ್ತದೆ ಅಂತ ಓದಿಸುತ್ತೇವೆ, ಉಪಕರಣವನ್ನು ಕೈಗೆ ಕೊಟ್ಟು ಮಾಡಿಸುವುದಿಲ್ಲ. ಆಮೇಲೆ ಡಾಕ್ಟರು ಮೆಡಿಕಲ್ ಶಾಪಿನವರು ಹೇಳುತ್ತಾರೆ ಅಂದುಕೊಳ್ಳುತ್ತಾರೆ, ಮೆಡಿಕಲ್ ಶಾಪಿನವರು ಡಾಕ್ಟರು ಹೇಳಿರುತ್ತಾರೆ ಅಂದುಕೊಳ್ಳುತ್ತಾರೆ.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಸಂಶೋಧಕರು ಫಾರ್ಮಸಿಸ್ಟ್‌ಗಳಿಗೇ ಮೊದಲು ತರಬೇತಿ ಕೊಟ್ಟರು. ಅವರು ರೋಗಿಗೆ ಮಾಡಿ ತೋರಿಸಿದರು, ರೋಗಿಯ ಕೈಯಲ್ಲಿ ಮಾಡಿಸಿದರು, ತಪ್ಪಿದ ಹಂತವನ್ನು ಚೀಟಿಯಲ್ಲಿ ಗುರುತು ಮಾಡಿ ಇನ್‌ಹೇಲರ್ ಮೇಲೇ ಅಂಟಿಸಿದರು. ಒಬ್ಬರಿಗೆ ಹಿಡಿದದ್ದು ಸುಮಾರು ಎರಡೂವರೆ ನಿಮಿಷ. ಆಸ್ತಮಾ ಹತೋಟಿ ಸುಧಾರಿಸಿತು. ಬ್ರಿಟನ್ನಿನಲ್ಲೂ 2016ರಲ್ಲಿ ಇನ್‌ಹೇಲರ್ ಹೇಳಿಕೊಡುವವರಿಗೆ ಏಳು ಹಂತಗಳ ಮಾನದಂಡ ಬಂತು.

ಅಮ್ಮನಿಗೆ ಕೊನೆಗೆ ಕಲಿಸಿದ್ದು ಬೇರೆ ಕಡೆಯ ಒಬ್ಬ ನರ್ಸ್. ಔಷಧಿ ಇಲ್ಲದ ಅಭ್ಯಾಸದ ಪಂಪು ತಂದು, ತಾವೇ ಮಾಡಿ ತೋರಿಸಿದರು. ಈಗಲೂ ಹೋದಾಗಲೆಲ್ಲ ಮೊದಲು ಕೇಳೋದು ಒಂದೇ: "ಅಮ್ಮಾ, ಹೆಂಗೆ ತಗೋತಿದೀರ, ಒಂದ್ಸಲ ಮಾಡಿ ತೋರ್ಸಿ."