ತಗ್ಗಿಸಿದ ಸೆಡಾನ್‌ಗೆ ಟೈರ್ ಸೈಜ್ ಆರಿಸುವ ಲೆಕ್ಕ

ಸ್ಪ್ರಿಂಗ್ ಬದಲಿಸಿ ಕಾರನ್ನು 30 ಮಿ.ಮೀ. ಇಳಿಸಿದವರು ಮೊದಲು ಕೇಳುವುದು, "18 ಇಂಚು ಹಿಡಿಸುತ್ತಾ?" ಅಂತ. ಈ ಲೆಕ್ಕದಲ್ಲಿ ಇಂಚು ಕೊನೆಗೆ ಬರುವ ಅಂಕಿ. ಟೈರ್ ಎಲ್ಲಿ ಉಜ್ಜುತ್ತದೆ, ಉಜ್ಜುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಟೈರಿನ ಹೊರವ್ಯಾಸ, ರಿಮ್ಮಿನ ಅಗಲ ಮತ್ತು ಆಫ್‌ಸೆಟ್. ಅದೂ ಸಸ್ಪೆನ್ಷನ್ ಪೂರ್ತಿ ಕುಗ್ಗಿ, ಸ್ಟೀರಿಂಗ್ ಪೂರ್ತಿ ತಿರುಗಿದ ಹೊತ್ತಿನಲ್ಲಿ. ಕಾರು ಸಮತಟ್ಟು ನೆಲದಲ್ಲಿ ನಿಂತಾಗ ಟೈರಿಗೂ ಫೆಂಡರಿಗೂ ನಡುವೆ ಎರಡು ಬೆರಳು ತೂರುತ್ತವೆ ಎಂಬ ಧೈರ್ಯದ ಮೇಲೆ ವೀಲ್ ಕೊಳ್ಳಬಾರದು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಕಾರನ್ನು ಇಳಿಸಿದ ಮಾತ್ರಕ್ಕೆ ಚಕ್ರ ಮೇಲೆ ಹೋಗುವ ಗರಿಷ್ಠ ಎತ್ತರ ಬದಲಾಗುವುದಿಲ್ಲ. ಆ ಎತ್ತರವನ್ನು ಕಟ್ಟಿಹಾಕುವುದು ಸ್ಪ್ರಿಂಗ್ ಅಲ್ಲ, ಶಾಕ್ ಅಬ್ಸಾರ್ಬರಿನ ರಾಡ್ ಮೇಲಿರುವ ಬಂಪ್ ಸ್ಟಾಪ್ ಎಂಬ ಫೋಮ್ ತಡೆ. ಇಳಿಸಿದ ಕಾರಿನಲ್ಲಿ ಆ ಜಾಗಕ್ಕೆ ಇರುವ ದಾರಿ 30 ಮಿ.ಮೀ. ಕಡಿಮೆಯಾಗುತ್ತದೆ, ಅಷ್ಟೇ. ಹಾಗಾಗಿ ಮೊದಲು ಅಪರೂಪಕ್ಕೆ ತಲುಪುತ್ತಿದ್ದ ಸ್ಥಿತಿಯನ್ನು ಚಕ್ರ ಈಗ ಪ್ರತಿ ದೊಡ್ಡ ಹಂಪಿನಲ್ಲೂ ತಲುಪುತ್ತದೆ. ಸ್ಪ್ರಿಂಗ್ ಹಾಕುವಾಗ ಬಂಪ್ ಸ್ಟಾಪನ್ನು ಕತ್ತರಿಸಿದ್ದರೆ ಮಾತು ಬೇರೆ: ಕತ್ತರಿಸಿದಷ್ಟೂ ಚಕ್ರ ಹೆಚ್ಚು ಮೇಲೆ ಏರುತ್ತದೆ. ಸೈಜ್ ನೋಡುವ ಮುಂಚೆ ಬಂಪ್ ಸ್ಟಾಪ್ ಮೂಲದ್ದೋ, ಕತ್ತರಿಸಿದ್ದೋ, ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಜೊತೆ ಬಂದದ್ದೋ ಎಂದು ವಿಚಾರಿಸಿಕೊಳ್ಳಿ.

ಈಗ ವ್ಯಾಸ. ಕಂಪನಿಯ ಟೈರ್ 205/55 ಆರ್16 ಎಂದಿಟ್ಟುಕೊಳ್ಳಿ, ಅಂದರೆ ಅಗಲ 205 ಮಿ.ಮೀ., ರಿಮ್ 16 ಇಂಚು. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ 205ರ ಶೇ. 55, ಅಂದರೆ ಸುಮಾರು 113 ಮಿ.ಮೀ. ಅದನ್ನು ಎರಡರಿಂದ ಗುಣಿಸಿ, 16 ಇಂಚಿನ 406.4 ಮಿ.ಮೀ. ಕೂಡಿಸಿದರೆ ಒಟ್ಟು 632. ಇದೇ ರೀತಿ 225/45 ಆರ್17 ಹಾಕಿದರೆ 634, 215/45 ಆರ್17ಕ್ಕೆ 625, 225/40 ಆರ್18ಕ್ಕೆ 637, 235/40 ಆರ್18ಕ್ಕೆ 645, 225/35 ಆರ್19ಕ್ಕೆ 640 ಬರುತ್ತದೆ. ಮೂಲ ವ್ಯಾಸಕ್ಕಿಂತ ಶೇ. 1.5ರಷ್ಟು ಹೆಚ್ಚು, ಶೇ. 2ರಷ್ಟು ಕಡಿಮೆ, ಈ ಮಿತಿಯೊಳಗೆ ಇರುವುದು ಒಳ್ಳೆಯದು. 235/40 ಆರ್18 ಶೇ. 2ಕ್ಕಿಂತ ದೊಡ್ಡದು, ತಗ್ಗಿಸಿದ ಕಾರಿಗೆ ಅದನ್ನು ಆರಂಭದಲ್ಲೇ ಬಿಟ್ಟುಬಿಡಿ.

ಮೇಲಿನ ಮಿತಿಯನ್ನು ಬಿಗಿಯಾಗಿ ಇಡಲು ಎರಡು ಕಾರಣ. ವ್ಯಾಸ 13 ಮಿ.ಮೀ. ಹೆಚ್ಚಾದರೆ ಕಾರು ನೆಲದಿಂದ 6.5 ಮಿ.ಮೀ. ಏರುತ್ತದೆ, ನಿಜ. ಆದರೆ ಹಬ್‌ನಿಂದ (ಚಕ್ರ ಬಿಗಿಯುವ ನಡುಭಾಗದಿಂದ) ಫೆಂಡರಿಗೆ ಇರುವ ದೂರ ಬದಲಾಗದ ಕಾರಣ ಟೈರಿನ ನೆತ್ತಿ ಅಷ್ಟೇ 6.5 ಮಿ.ಮೀ. ವೀಲ್ ಆರ್ಚ್ ಒಳಗೆ ನುಗ್ಗುತ್ತದೆ. ಎರಡನೆಯದು ಸ್ಪೀಡೋಮೀಟರ್. ಟೈರ್ ದೊಡ್ಡದಾದಷ್ಟೂ ನಿಜವಾದ ವೇಗ ಮುಳ್ಳು ತೋರಿಸುವುದಕ್ಕಿಂತ ಹೆಚ್ಚುತ್ತಾ ಹೋಗುತ್ತದೆ. ಹಲವು ದೇಶಗಳು ಒಪ್ಪಿರುವ ವಿಶ್ವಸಂಸ್ಥೆಯ 39ನೇ ವಾಹನ ನಿಯಮದ ಪ್ರಕಾರ ಮೀಟರ್ ಎಂದಿಗೂ ನಿಜವೇಗಕ್ಕಿಂತ ಕಡಿಮೆ ತೋರಿಸುವಂತಿಲ್ಲ. ಕಂಪನಿಗಳು ಮುಳ್ಳನ್ನು ಸ್ವಲ್ಪ ಮುಂದಿಟ್ಟೇ ಕಳಿಸುತ್ತವೆ; ಆ ಅಂತರವನ್ನು ಟೈರಿನಿಂದ ತಿಂದುಹಾಕಬಾರದು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ನಾಲ್ಕು ಟೈರೂ ಒಂದೇ ಸೈಜ್, ಒಂದೇ ಮಾಡೆಲ್, ಹೆಚ್ಚುಕಡಿಮೆ ಒಂದೇ ಸವೆತ ಇರಲೇಬೇಕು.

ಅಗಲದ ವಿಷಯದಲ್ಲಿ ಜನ ಎಡವುವುದೇ ಹೆಚ್ಚು. ಟೈರಿನ ಮೇಲೆ ಅಚ್ಚಾದ 205, 225 ಎಂಬವು ನಾಮಮಾತ್ರದ ಅಂಕಿಗಳು. 205/55 ಆರ್16ರ ವಿನ್ಯಾಸದ ಅಗಲ 6.5 ಇಂಚಿನ ರಿಮ್ಮಿನ ಮೇಲೆ 214 ಮಿ.ಮೀ. 225/45 ಆರ್17ರದು 7.5 ಇಂಚಿನ ಮೇಲೆ 225. 225/40 ಆರ್18ರದು 8 ಇಂಚಿನ ಮೇಲೆ 230. ರಿಮ್ ಅರ್ಧ ಇಂಚು ಅಗಲವಾದರೆ ಟೈರಿನ ಉಬ್ಬು ಸುಮಾರು 5 ಮಿ.ಮೀ. ಹಿಗ್ಗುತ್ತದೆ, ಕಿರಿದಾದರೆ ಅಷ್ಟೇ ಕುಗ್ಗುತ್ತದೆ. ತಯಾರಕರ ಮಾಹಿತಿ ಪಟ್ಟಿಯಲ್ಲಿ ಸೆಕ್ಷನ್ ವಿಡ್ತ್ (ಉಬ್ಬಿನ ಅಗಲ), ಹೊರವ್ಯಾಸ, ಒಪ್ಪಿತ ರಿಮ್ ಅಗಲ ಮೂರೂ ಇರುತ್ತವೆ. ಒಂದೇ ಸೈಜ್ ಆದರೂ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಕೆಲವು ಮಿಲಿಮೀಟರ್ ವ್ಯತ್ಯಾಸವಿದೆ, ಭುಜ ಚೌಕಾಗಿರುವ ಸ್ಪೋರ್ಟ್ಸ್ ಟೈರ್ ಮತ್ತಷ್ಟು ಜಾಗ ಬೇಡುತ್ತದೆ. ಸಂದಿ ಬಿಗಿಯಿದ್ದಲ್ಲಿ ಈ ಪಟ್ಟಿ ನೋಡದೆ ಆರ್ಡರ್ ಕೊಡಬೇಡಿ.

ಆಫ್‌ಸೆಟ್ ಅಂದರೆ ರಿಮ್ಮಿನ ನಟ್ಟನಡುವಿನಿಂದ ಹಬ್ಬಿಗೆ ಅಂಟುವ ಮುಖದವರೆಗಿನ ದೂರ; ವೀಲಿನ ಹಿಂಬದಿಯಲ್ಲಿ 'ಇಟಿ' ಎಂದು ಅಚ್ಚಾಗಿರುತ್ತದೆ. ಅಂಕಿ ಕಡಿಮೆಯಾದಷ್ಟೂ ಚಕ್ರ ಹೊರಗೆ ಸರಿಯುತ್ತದೆ. ಮೂಲ ವೀಲ್ 16 × 6.5 (ಇಂಚಿನಲ್ಲಿ ವ್ಯಾಸ × ಅಗಲ) ಇಟಿ 50 ಇದ್ದು, ಬದಲಿಗೆ 17 × 7.5 ಇಟಿ 45 ಹಾಕಿ 225/45 ತೊಡಿಸಿದಿರಿ ಅಂತಿರಲಿ. ಟೈರಿನ ಅರ್ಧ ಅಗಲ 107ರಿಂದ 112.5ಕ್ಕೆ ಹೋಯಿತು, 5.5 ಹೆಚ್ಚು. ಆಫ್‌ಸೆಟ್‌ನಿಂದ 5 ಹೊರಗೆ. ಹಾಗಾಗಿ ಫೆಂಡರ್ ಕಡೆಗೆ ಟೈರ್ 10.5 ಮಿ.ಮೀ. ಹೊರಬಂತು, ಒಳಗೆ ಸ್ಟ್ರಟ್ (ಸಸ್ಪೆನ್ಷನ್ನಿನ ಶಾಕ್ ಕಂಬ) ಕಡೆಗೆ ಬರೀ ಅರ್ಧ ಮಿ.ಮೀ. ಹೋಯಿತು. ಇದು ಬಹಳ ಸಭ್ಯವಾದ ಬದಲಾವಣೆ. ಅದೇ ಕಾರಿಗೆ 18 × 8.5 ಇಟಿ 45, 225/40 ಹಾಕಿದರೆ ಟೈರಿನ ಅರ್ಧ ಅಗಲ ಸುಮಾರು 117.5, ಹೊರಗೆ 15.5, ಒಳಗೆ 5.5. ಜೊತೆಗೆ ಆ ಅಗಲದಲ್ಲಿ ರಿಮ್ಮಿನ ತುಟಿ ಟೈರಿನ ಉಬ್ಬಿನ ಸಮಕ್ಕೆ, ಕೆಲವೊಮ್ಮೆ ಅದಕ್ಕೂ ಆಚೆ ಬರುತ್ತದೆ. ಫುಟ್‌ಪಾತ್ ಅಂಚು ಮೊದಲು ತಾಗುವುದು ಅಲಾಯ್‌ಗೇ. 225/40ಕ್ಕೆ 8 ಇಂಚು ಸರಿಯಾದ ಜೋಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಅಗಲ ರಿಮ್ಮಿನ ಮೇಲೆ ಕಿರಿದಾದ ಟೈರನ್ನು ಎಳೆದು ಕೂರಿಸಿ ಫೆಂಡರಿನಿಂದ ಭುಜ ತಪ್ಪಿಸುವ ಉಪಾಯವಂತೂ ಬೇಡವೇ ಬೇಡ. ಬೀಡ್ (ರಿಮ್ಮನ್ನು ಕಚ್ಚಿ ಹಿಡಿಯುವ ಟೈರಿನ ಅಂಚು) ಇಳಿಜಾರಾಗಿ ಕೂರುತ್ತದೆ, ಗುಂಡಿಗೆ ಬಿದ್ದಾಗ ಅಥವಾ ಗಾಳಿ ಕಡಿಮೆಯಿದ್ದಾಗ ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ.

ಒಳಬದಿಯ ಮತ್ತು ಹೊರಬದಿಯ ಸಂದಿಗೆ ಒಂದೇ ಅಳತೆಗೋಲು ಸಲ್ಲದು. ಮ್ಯಾಕ್‌ಫರ್ಸನ್ ಸ್ಟ್ರಟ್ ಚಕ್ರದ ಜೊತೆಯಲ್ಲೇ ಏರಿಳಿಯುತ್ತದೆ, ಜೊತೆಯಲ್ಲೇ ತಿರುಗುತ್ತದೆ. ಅದಕ್ಕೂ ಟೈರಿಗೂ ನಡುವೆ 5 ಮಿ.ಮೀ. ಇದ್ದರೆ ಸಾಕು. ಕಾಯಿಲೋವರ್ ಹಾಕಿದ್ದರೆ ಸ್ಪ್ರಿಂಗ್ ಕೂರುವ ತಟ್ಟೆಯನ್ನು ವಿಶೇಷವಾಗಿ ನೋಡಿ. ತಟ್ಟೆಯನ್ನು ಕೆಳಗೆ ತಿರುಗಿಸಿ ಕಾರನ್ನು ಇಳಿಸುವ ಮಾದರಿಯಲ್ಲಿ ಅದು ಟೈರಿನ ನೆತ್ತಿಗಿಂತ ಕೆಳಕ್ಕಿಳಿದು ಸೈಡ್‌ವಾಲ್ ಪಕ್ಕಕ್ಕೇ ಬಂದುಬಿಡುತ್ತದೆ. ಫೆಂಡರ್ ಹಾಗಲ್ಲ, ಅದು ಬಾಡಿಯ ಜೊತೆಗಿರುತ್ತದೆ, ಚಕ್ರ ಅದರ ಒಳಗೆ ನುಗ್ಗಬೇಕು.

ಅಳೆಯುವ ಕ್ರಮ ಹೀಗಿರಲಿ. ಈಗಿರುವ ವೀಲಿನೊಂದಿಗೇ ಫೆಂಡರ್ ಅಂಚಿನಿಂದ ತೂಗುಗುಂಡು ಇಳಿಬಿಟ್ಟು, ದಾರದಿಂದ ಟೈರಿನ ಉಬ್ಬಿಗೆ ಇರುವ ದೂರವನ್ನು ನಾಲ್ಕೂ ಕಡೆ ಬರೆದುಕೊಳ್ಳಿ. ಎಡಕ್ಕೂ ಬಲಕ್ಕೂ 3–4 ಮಿ.ಮೀ. ವ್ಯತ್ಯಾಸ ಬರುವುದುಂಟು, ಕಡಿಮೆ ಇರುವ ಕಡೆಯದೇ ನಿಮ್ಮ ಅಳತೆ. ಆಮೇಲೆ ಫೆಂಡರಿನ ಒಳತುಟಿಗೆ, ವೀಲ್ ಆರ್ಚ್ ಒಳಗಿನ ಪ್ಲಾಸ್ಟಿಕ್ ಹೊದಿಕೆಯಾದ ಲೈನರಿನ ಸ್ಕ್ರೂಗಳ ಮೇಲೆ, ಮುಂಬದಿಯ ಲೈನರಿನ ಹಿಂದುಮುಂದಿನ ಗೋಡೆಗಳಿಗೆ ಮಕ್ಕಳು ಆಡುವ ಮಾಡೆಲಿಂಗ್ ಕ್ಲೇ ಅಂಟಿಸಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಡಿಕ್ಕಿಯಲ್ಲಿ ಭಾರ ತುಂಬಿ, ಮುಂದಿನ ಒಂದು ಚಕ್ರವನ್ನೂ ಅದರ ಕರ್ಣದ ಹಿಂದಿನ ಚಕ್ರವನ್ನೂ ಗಟ್ಟಿಮುಟ್ಟಾದ ರ‍್ಯಾಂಪ್ ಮೇಲೆ ನಿಧಾನ ಹತ್ತಿಸಿ. ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ. ಇಳಿಸಿದ ಮೇಲೆ ಕ್ಲೇ ಎಷ್ಟು ದಪ್ಪ ಉಳಿದಿದೆಯೋ ಅದೇ ನಿಮ್ಮ ಬಂಡವಾಳ. ಲೆಕ್ಕದ ಪ್ರಕಾರ ಹೊಸ ಟೈರ್ ಹೊರಕ್ಕೆ ಸರಿಯುವಷ್ಟನ್ನು ಅದರಿಂದ ಕಳೆದಾಗ ಹೊರಬದಿಯಲ್ಲಿ ಕನಿಷ್ಠ 5 ಮಿ.ಮೀ. ಮಿಗಬೇಕು. ರ‍್ಯಾಂಪ್ ಮೇಲೆ ಬಂಪ್ ಸ್ಟಾಪ್ ಮುಟ್ಟಿದರೂ ಅಲ್ಲಿಗೆ ಮುಗಿಯಲಿಲ್ಲ; ವೇಗದಲ್ಲಿ ಬಿದ್ದ ಹೊಡೆತಕ್ಕೆ ಅದರ ಫೋಮ್ ಇನ್ನೂ ಚೆನ್ನಾಗಿ ಕುಗ್ಗುತ್ತದೆ. ಆ 5 ಮಿ.ಮೀ. ಅದಕ್ಕಾಗಿಯೇ.

ಹಿಂಬದಿಯಲ್ಲಿ ಟಾರ್ಷನ್ ಬೀಮ್ (ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ) ಇರುವ ಸೆಡಾನ್‌ಗಳಲ್ಲಿ ಎರಡೂ ಚಕ್ರ ಒಟ್ಟಿಗೆ ಏರಿದಾಗ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲುವ ಕೋನ, ಬಹುತೇಕ ಬದಲಾಗುವುದಿಲ್ಲ. ಚಕ್ರ ನೆಟ್ಟಗೆ ಮೇಲೇರಿ ಭುಜ ಸೀದಾ ಫೆಂಡರಿನ ತುಟಿಗೆ ಬಡಿಯುತ್ತದೆ. ಮಲ್ಟಿಲಿಂಕ್ (ಪ್ರತಿ ಚಕ್ರವನ್ನೂ ಬೇರೆಬೇರೆ ತೋಳುಗಳು ಹಿಡಿಯುವ ಸಸ್ಪೆನ್ಷನ್) ಇದ್ದರೆ ಏರುತ್ತಾ ಟೈರಿನ ತಲೆ ಒಳಕ್ಕೆ ವಾಲಿ ಕೆಲವು ಮಿಲಿಮೀಟರ್ ಉಳಿಸಿಕೊಡುತ್ತದೆ. ಒಂದೇ ವೀಲ್ ಒಂದು ಕಾರಿಗೆ ಸಲೀಸಾಗಿ ಕೂತು, ಪಕ್ಕದ ಕಾರಿನಲ್ಲಿ ಉಜ್ಜುವುದು ಬಹುಮಟ್ಟಿಗೆ ಇದರಿಂದಲೇ. ತುಟಿಯನ್ನು ಒಳಕ್ಕೆ ಮಡಚಿಸುವುದಾದರೆ ಬಣ್ಣವನ್ನು ಹೀಟ್ ಗನ್‌ನಿಂದ ಬಿಸಿ ಮಾಡಿ ನಿಧಾನ ಮಡಚಬೇಕು. ತಣ್ಣಗಿದ್ದಾಗ ಮಡಚಿದರೆ ಬಣ್ಣ ಸೀಳಿ, ಅಲ್ಲಿಂದ ತುಕ್ಕು ಶುರುವಾಗುತ್ತದೆ.

ಇನ್ನು ಲೋಡ್ ಇಂಡೆಕ್ಸ್. ನನ್ನ ಮಟ್ಟಿಗೆ ಇಡೀ ಆಯ್ಕೆಯಲ್ಲಿ ಅತಿ ಮುಖ್ಯವಾದದ್ದು ಇದು, ಅತಿ ಹೆಚ್ಚು ಕಡೆಗಣಿಸಲ್ಪಡುವುದೂ ಇದೇ. ಕಂಪನಿಯ ಟೈರ್ 205/55 ಆರ್16 91ವಿ ಇದ್ದರೆ 91 ಅಂದರೆ ಒಂದು ಟೈರಿಗೆ 615 ಕಿಲೊ. ಹೊಸ ಟೈರಿನ ಅಂಕಿ ಇದಕ್ಕಿಂತ ಕಡಿಮೆ ಇರಕೂಡದು. ಸೈಡ್‌ವಾಲ್ ಕುಳ್ಳಗಾದಂತೆ ಒಳಗೆ ಹಿಡಿಸುವ ಗಾಳಿ ಕಡಿಮೆಯಾಗುತ್ತದೆ, ಭಾರ ಹೊರುವುದು ಗಾಳಿಯೇ ಆದ್ದರಿಂದ ಅಂಕಿ ಇಳಿಯುತ್ತದೆ. 225/45 ಆರ್17 ಸಾಮಾನ್ಯ ಟೈರಿಗೇ 91 ಸಿಗುತ್ತದೆ. 225/40 ಆರ್18 ಸಾಮಾನ್ಯದ್ದು 88, ಅಂದರೆ 560 ಕಿಲೊ, ಸಾಲದು. ಎಕ್ಸ್‌ಎಲ್ (ಎಕ್ಸ್‌ಟ್ರಾ ಲೋಡ್) ಎಂದು ಬರೆದಿರುವ 92, ಅಂದರೆ 630 ಕಿಲೊದ್ದೇ ಬೇಕು. 215/40 ಆರ್18 ವ್ಯಾಸದಲ್ಲಿ 629 ಮಿ.ಮೀ., ಮೂಲಕ್ಕೆ ಎಷ್ಟು ಹತ್ತಿರ! ಆದರೆ ಎಕ್ಸ್‌ಎಲ್ ಆದರೂ 89, 580 ಕಿಲೊ. ಈ ಕಾರಿಗೆ ಆಗದು. 225/35 ಆರ್19 ಎಕ್ಸ್‌ಎಲ್ ಕೂಡ 88ಕ್ಕೇ ನಿಲ್ಲುತ್ತದೆ. ಇಳಿಸಿದ ಕಾರು ಬಂಪ್ ಸ್ಟಾಪಿಗೆ ಪದೇಪದೇ ಬಡಿಯುವುದರಿಂದ ಟೈರಿನ ಮೇಲಿನ ಹೊಡೆತ ಮೊದಲಿಗಿಂತ ಹೆಚ್ಚು. ಇಲ್ಲಿ ರಾಜಿಗೆ ಜಾಗವಿಲ್ಲ. ವೀಲಿನ ಹಿಂಬದಿಯಲ್ಲೂ ಗರಿಷ್ಠ ಭಾರ ಅಚ್ಚಾಗಿರುತ್ತದೆ. ಅದರ ಎರಡು ಪಟ್ಟು, ಕಾರಿನ ದಾಖಲೆಯಲ್ಲಿರುವ ಹೆಚ್ಚು ಭಾರದ ಆಕ್ಸಲ್‌ಗಿಂತ ಕಡಿಮೆ ಇರಬಾರದು.

ಎಕ್ಸ್‌ಎಲ್ ಹಾಕಿಸಿದವರು ಹಳೆಯ ಒತ್ತಡವನ್ನೇ ತುಂಬಿಸಿಕೊಂಡು ಓಡಾಡುತ್ತಾರೆ. ಯೂರೋಪಿನ ಟೈರ್ ಮಾನದಂಡದಲ್ಲಿ ಸಾಮಾನ್ಯ ಟೈರ್ ತನ್ನ ಪೂರ್ತಿ ಭಾರ ಹೊರುವುದು 2.5 ಬಾರ್‌ನಲ್ಲಿ, ಎಕ್ಸ್‌ಎಲ್ ಹೊರುವುದು 2.9 ಬಾರ್‌ನಲ್ಲಿ. ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಮೂಲ ಟೈರಿಗೆ 2.2 ಬಾರ್ ಹೇಳಿದ್ದರೆ, ಆ ಒತ್ತಡದಲ್ಲಿ ಅದು ಹೊರುತ್ತಿದ್ದುದು ಸುಮಾರು 555 ಕಿಲೊ. 92 ಎಕ್ಸ್‌ಎಲ್ ಅಷ್ಟೇ ಭಾರ ಹೊರಲು ಹತ್ತಿರಹತ್ತಿರ 2.5 ಬಾರ್ ಬೇಕು, ಅಂದರೆ 32 ಪಿಎಸ್‌ಐ ಇದ್ದಲ್ಲಿ 36. ತುಂಬಿದ ಕಾರಿಗೆ ಸ್ಟಿಕ್ಕರ್ ಹೇಳುವ ಹೆಚ್ಚಿನ ಅಂಕಿಗೂ ಇದೇ ಪ್ರಮಾಣದಲ್ಲಿ ಕೂಡಿಸಿ. ಹಾಗೆ ಮಾಡದಿದ್ದರೆ ಟೈರಿನ ಎರಡೂ ಅಂಚು ಬೇಗ ಸವೆಯುತ್ತವೆ, ಗುಂಡಿಯಲ್ಲಿ ಸೈಡ್‌ವಾಲ್ ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಒಳದಾರ ತುಂಡಾಗಿ ಮೊಟ್ಟೆಯಂತೆ ಉಬ್ಬುತ್ತದೆ. 225/40ರಲ್ಲಿ ಸೈಡ್‌ವಾಲ್ 90 ಮಿ.ಮೀ.; ರಿಮ್ ಅಂಚಿನ ಹಿಂದೆ ಅಡಗುವ ಸುಮಾರು 17 ಮಿ.ಮೀ. ಕಳೆದರೆ ಮೆತ್ತೆಯಾಗಿ ಉಳಿಯುವುದು 73. 225/35ರಲ್ಲಿ 62ಕ್ಕೂ ಕಡಿಮೆ. ವೇಗದ ಅಕ್ಷರ ಮೂಲದಷ್ಟು ಅಥವಾ ಹೆಚ್ಚಿರಲಿ: ಎಚ್ 210, ವಿ 240, ಡಬ್ಲ್ಯು 270 ಕಿ.ಮೀ.

ಹಬ್ಬಿನ ಸಂಗತಿ ಚಿಕ್ಕದು, ಆದರೆ ತಪ್ಪಿಸಬೇಡಿ. ನಟ್ ಅಂತರ ಹೊಂದಲೇಬೇಕು. 5 × 112ರ (112 ಮಿ.ಮೀ. ವ್ಯಾಸದ ವೃತ್ತದಲ್ಲಿ ಐದು ನಟ್) ವೀಲನ್ನು 5 × 114.3ರ ಹಬ್ಬಿಗೆ ಬಿಗಿಯುವ ಪ್ರಯತ್ನ ಸ್ಟಡ್ಡನ್ನು ಬಾಗಿಸುತ್ತದೆ. ನಡುವಿನ ತೂತು ದೊಡ್ಡದಿದ್ದರೆ ಸರಿಯಾದ ಅಳತೆಯ ಹಬ್ ರಿಂಗ್ ಹಾಕಿ, ಇಲ್ಲದಿದ್ದರೆ ಬ್ಯಾಲೆನ್ಸ್ ಮಾಡಿಸಿದ ಮೇಲೂ ಸ್ಟೀರಿಂಗ್ ನಡುಗುತ್ತದೆ. ನಟ್ ಕೂರುವ ಜಾಗ ಶಂಕುವಿನಾಕಾರವೋ ಗೋಳಾಕಾರವೋ ನೋಡಿ ಅದಕ್ಕೆ ತಕ್ಕ ನಟ್ಟನ್ನೇ ಬಳಸಿ. ಬ್ರೇಕ್ ಕ್ಯಾಲಿಪರಿಗೂ ರಿಮ್ಮಿಗೂ ನಡುವೆ 3 ಮಿ.ಮೀ. ಬೇಕು.

ಟೈರ್ ಒಳಅಂಚಿನಲ್ಲಿ ಸವೆದರೆ ಎಲ್ಲರೂ ಕ್ಯಾಂಬರನ್ನು ಬೈಯುತ್ತಾರೆ. ನಿಜವಾಗಿ ತಿನ್ನುವುದು ಹೆಚ್ಚಾಗಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ. ಕಾರು ಇಳಿದಾಗ ಟೈ ರಾಡ್ ಕೋನ ಬದಲಾಗಿ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗುತ್ತವೆ, ರಬ್ಬರ್ ರಸ್ತೆಯ ಮೇಲೆ ಅಡ್ಡ ಎಳೆಯುತ್ತಾ ಸಾಗುತ್ತದೆ. ಟೋ ಸೊನ್ನೆಯ ಹತ್ತಿರ ಇದ್ದರೆ 1.5 ಡಿಗ್ರಿ ನೆಗೆಟಿವ್ ಕ್ಯಾಂಬರಿನಲ್ಲೂ ಟೈರ್ ನೆಟ್ಟಗೆ ಬಾಳುತ್ತದೆ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿದರೆ ಅದು ಇನ್ನೊಂದಿಷ್ಟು ಕೂರುತ್ತದೆ. ಅಲೈನ್‌ಮೆಂಟನ್ನೂ ಸಂದಿಯ ಅಳತೆಯನ್ನೂ ಆಗ ಮಾಡಿ, ವೀಲ್ ಆರ್ಡರ್ ಅದರ ನಂತರ.

ಹೊಸ ಸೆಟ್ ಕೂರಿಸಿದ ದಿನ ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ನಟ್ ಬಿಗಿಯಿರಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಟಾರ್ಕ್ ರೆಂಚಿನಿಂದ ಮತ್ತೊಮ್ಮೆ ನೋಡಿ. ಎಬಿಎಸ್ ಸೆನ್ಸರುಗಳಿಂದ ಗಾಳಿ ಒತ್ತಡ ಊಹಿಸುವ ವ್ಯವಸ್ಥೆ ಇದ್ದರೆ ಅದನ್ನು ರೀಸೆಟ್ ಮಾಡಿ. ಲೈನರಿನ ಒಳಗೆ ಚಾಕ್ ಬಳಿದು ತುಂಬಿದ ಕಾರಿನಲ್ಲಿ ಒಂದು ಸುತ್ತು ಹೋಗಿ ಬಂದು ಟಾರ್ಚ್ ಹಿಡಿದು ನೋಡಿ. ಪ್ಲಾಸ್ಟಿಕ್ ಲೈನರಿನ ಮೇಲೆ ಪೂರ್ತಿ ತಿರುವಿನಲ್ಲಿ ಮಾತ್ರ ಬಿದ್ದ ತೆಳುವಾದ ಗೆರೆಯನ್ನು ಸಹಿಸಬಹುದು, ಲೈನರನ್ನು ಸ್ವಲ್ಪ ಹಿಂದಕ್ಕೆ ಎಳೆದು ಬಿಗಿದರೆ ಸರಿಹೋಗುತ್ತದೆ. ಲೋಹದ ತುಟಿಯಲ್ಲೋ ಸ್ಕ್ರೂ ತಲೆಯಲ್ಲೋ ಚಾಕ್ ಅಳಿಸಿದ್ದರೆ ಆ ಟೈರನ್ನು ಬಿಚ್ಚಿ ಒಂದು ಅಳತೆ ಕಿರಿದಾದದ್ದು ಹಾಕಿ, ಲೋಡ್ ಇಂಡೆಕ್ಸ್ ಇಳಿಯದಂತೆ.