ಪ್ರಶ್ನೆ: ಅಷ್ಟು ದೂರ ಬರೋಷ್ಟರಲ್ಲಿ ನಕ್ಷತ್ರದ ಬೆಳಕು ಸುಸ್ತಾಗಲ್ವಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ, ಲೆಕ್ಕ ಇಡೋದನ್ನೇ ಬಿಟ್ಟಿದ್ದೇನೆ. ಈ ಸಲ ಕೇಳಿದವರು ನಮ್ಮ ಕೊಡಗಿನ ಸಿದ್ದಾಪುರ ಕಡೆಯ ಓದುಗರು: “ದೂರದ ನಕ್ಷತ್ರದಿಂದ ಡಿಟೆಕ್ಟರ್‌ಗೆ ಇಷ್ಟೇ ವಿಕಿರಣ ಬರುತ್ತೆ ಅಂತ ಹೇಗೆ ಲೆಕ್ಕ ಹಾಕ್ತಾರೆ ಸಾರ್? ದಾರಿಯಲ್ಲಿ ಸವೆದು ಹೋಗಿದ್ದು ಹೇಗೆ ಗೊತ್ತಾಗುತ್ತೆ?”

ಡಿಟೆಕ್ಟರ್ ಅಂದರೆ ಬರೋ ವಿಕಿರಣವನ್ನು ಹಿಡಿದು ಅಳೆಯೋ ಉಪಕರಣ. ಲೆಕ್ಕ ಸುಲಭ. ನಕ್ಷತ್ರದಿಂದ ಸೆಕೆಂಡಿಗೆ ಹೊರಡುವ ಒಟ್ಟು ಶಕ್ತಿ ತಗೊಳ್ಳಿ. ನಮಗೂ ಅದಕ್ಕೂ ಇರುವ ದೂರವನ್ನೇ ತ್ರಿಜ್ಯ ಮಾಡಿಕೊಂಡು ಒಂದು ಗೋಳ ಊಹಿಸಿ, ಅದರ ಮೇಲ್ಮೈಯಿಂದ ಭಾಗಿಸಿ: 4 × ಪೈ × ದೂರದ ವರ್ಗ. ಬಂದಿದ್ದನ್ನು ಡಿಟೆಕ್ಟರ್ ಬಾಯಿಯ ವಿಸ್ತೀರ್ಣದಿಂದ ಗುಣಿಸಿ. ತೋಟದ ಮಳೆ ಮಾಪಕ ಇದ್ದಂಗೆ, ಬಾಯಿ ಅಗಲವಾದಷ್ಟೂ ಒಳಗೆ ಬೀಳೋದು ಜಾಸ್ತಿ. ಬಿದ್ದಿದ್ದರಲ್ಲಿ ನೂರಕ್ಕೆ ಎಷ್ಟನ್ನು ಅದು ಹಿಡಿಯುತ್ತೆ ಅಂತಲೂ ನೋಡಬೇಕು, ಅಷ್ಟೆ. ಸೂರ್ಯನಿಗೆ ಈ ಲೆಕ್ಕ ಹಾಕಿದರೆ ಚದರ ಮೀಟರಿಗೆ ಸುಮಾರು 1,360 ವ್ಯಾಟ್ ಬರುತ್ತೆ, ಉಪಗ್ರಹಗಳು ಅಳೆದಿದ್ದೂ ಅಷ್ಟೇ. ಲುಬ್ಧಕ (ಸಿರಿಯಸ್) ನಕ್ಷತ್ರ ಸೂರ್ಯನಿಗಿಂತ ಸುಮಾರು 25 ಪಟ್ಟು ಪ್ರಖರ, ಆದರೆ 8.6 ಜ್ಯೋತಿರ್ವರ್ಷ ದೂರ. ಅದರಿಂದ ಬರೋದು ಚದರ ಮೀಟರಿಗೆ ಒಂದು ವ್ಯಾಟಿನ ಕೋಟಿಯಲ್ಲೊಂದು ಪಾಲಿಗಿಂತ ಚೂರು ಜಾಸ್ತಿ.

ಈಗ ಆ ‘ಸವೆತ’ದ ವಿಷಯ. ಕೊಡಗಿನವರು ಇದನ್ನು ಯಾಕೆ ನಂಬುತ್ತಾರೆ ಅಂತ ನನಗೆ ಗೊತ್ತು. ಜುಲೈ ರಾತ್ರಿ ಘಾಟಿಯ ಮಂಜಿನಲ್ಲಿ ಜೀಪಿನ ಹೆಡ್‌ಲೈಟ್ ಹತ್ತಡಿ ಮುಂದೆ ಹೋಗಲ್ಲ. ಹಾಗಾಗಿ ಬೆಳಕು ಅಂದರೆ ಹೋಗ್ತಾ ಹೋಗ್ತಾ ಸಾಯೋದು ಅಂತ ತಲೆಯಲ್ಲಿ ಕೂತಿದೆ. ಆದರೆ ಅಲ್ಲಿ ಬೆಳಕನ್ನು ತಡೆದು ಚೆದುರಿಸಿದ್ದು ಮಂಜು ಕಣ್ರೀ, ದೂರ ಅಲ್ಲ!

ಮಂಜಿಲ್ಲದ ರಾತ್ರಿ ಹೀಗೆ ಮಾಡಿ. ರಟ್ಟಿನಲ್ಲಿ ರೂಪಾಯಿ ಅಗಲದ ತೂತು ಕೊರೆದು ಫೋನಿನ ಟಾರ್ಚ್ ಮುಂದೆ ಗೇಣುದ್ದ ದೂರದಲ್ಲಿ ಹಿಡಿದು, ಗೋಡೌನಿನ ಸುಣ್ಣದ ಗೋಡೆಗೆ ಬೆಳಕು ಬಿಡಿ. (ಆನೆ ಓಡಿಸೋ ದೊಡ್ಡ ಟಾರ್ಚ್ ಬೇಡ, ಅದರ ರಿಫ್ಲೆಕ್ಟರ್ ಬೆಳಕನ್ನು ಹರಡೋಕೇ ಬಿಡಲ್ಲ.) ಐದಡಿಯಿಂದ ಬಿಟ್ಟಾಗಿನ ವೃತ್ತ ಅಳೆಯಿರಿ, ಹತ್ತಡಿಗೆ ಸರಿದು ಮತ್ತೆ ಅಳೆಯಿರಿ. ಅಡ್ಡಳತೆ ಎರಡು ಪಟ್ಟು, ಜಾಗ ನಾಲ್ಕು ಪಟ್ಟು. ಬೆಳಕು ಅಷ್ಟೇ ಇದೆ, ತೆಳ್ಳಗೆ ಹರಡಿದೆ. ಒಂದೊಂದು ಫೋಟಾನೂ (ಬೆಳಕಿನ ಕಣ) ತನ್ನ ಪೂರ್ತಿ ಕಸುವಿನಲ್ಲೇ ಬಂದು ಬಡಿಯುತ್ತೆ, ಬರೋ ಫೋಟಾನ್‌ಗಳ ಎಣಿಕೆ ಮಾತ್ರ ಕಮ್ಮಿ.

ಇನ್ನೂ ಅನುಮಾನವಿದ್ದರೆ 1987ರ ಫೆಬ್ರವರಿ 23 ನೆನಪಿಸಿಕೊಳ್ಳಿ. ಸುಮಾರು 1,68,000 ಜ್ಯೋತಿರ್ವರ್ಷ ದೂರದಲ್ಲಿ ಸಿಡಿದ ನಕ್ಷತ್ರವೊಂದರ ನ್ಯೂಟ್ರಿನೊಗಳು (ಎಲ್ಲದರೊಳಗೂ ತೂರಿ ಹೋಗುವ ಅತಿ ಹಗುರ ಕಣಗಳು) ಅವತ್ತು ಭೂಮಿಗೆ ಬಂದವು. ಅಷ್ಟು ದೂರ ಹರಡಿದ ಮೇಲೂ, ಇಲ್ಲಿ ಏಣಿ ಹತ್ತಿ ಮೆಣಸು ಕೊಯ್ಯುತ್ತಿದ್ದವರ ಅಂಗೈಯೊಳಗಿಂದ ಸುಮಾರು 3 ಲಕ್ಷ ಕೋಟಿ ತೂರಿ ಹೋಗಿವೆ. ಜಪಾನ್, ಅಮೆರಿಕ, ರಷ್ಯಾದ ಡಿಟೆಕ್ಟರ್‌ಗಳಿಗೆ ಸಿಕ್ಕಿದ್ದು ಒಟ್ಟು ಎರಡು ಡಜನ್ ಅಷ್ಟೇ. ಅವು ಸುಸ್ತಾಗಿದ್ದಕ್ಕಲ್ಲ. ನ್ಯೂಟ್ರಿನೊ ಯಾರ ಕೈಗೂ ಸುಲಭಕ್ಕೆ ಸಿಗೋ ಜಾತಿಯಲ್ಲ.

ನಿಜ, ನಕ್ಷತ್ರಗಳ ನಡುವೆ ಧೂಳಿದೆ, ಅದು ಬೆಳಕನ್ನು ತಿನ್ನುತ್ತೆ. ಅದನ್ನು ಬೇರೆಯಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ತುಂಬಾ ದೂರದ ಗೆಲಾಕ್ಸಿಗಳ ಬೆಳಕು ವಿಶ್ವ ಹಿಗ್ಗುವುದರಿಂದ ಕೆಂಪಾಗುತ್ತೆ, ಅದಕ್ಕೂ ಬೇರೆ ತಿದ್ದುಪಡಿ ಇದೆ. ಲುಬ್ಧಕಕ್ಕೆ ಇವೆರಡರ ತಲೆಬಿಸಿ ಇಲ್ಲ.

ಯಾರೂ ಕೇಳದಿದ್ದರೂ ಇದೊಂದು ಹೇಳಿಬಿಡ್ತೀನಿ. ಮಂಗಳೂರಿಗಿಂತ ಮಡಿಕೇರಿಗೆ ಕಾಸ್ಮಿಕ್ ಕಿರಣ (ಬಾಹ್ಯಾಕಾಶದಿಂದ ರಭಸವಾಗಿ ಬರೋ ಕಣಗಳು) ಸ್ವಲ್ಪ ಜಾಸ್ತಿ ಬರುತ್ತೆ. ನಾವು ನಕ್ಷತ್ರಗಳಿಗೆ ಒಂದು ಕಿಲೋಮೀಟರ್ ಹತ್ತಿರ ಇದ್ದೀವಿ ಅಂತಲ್ಲ, ನಗಬೇಡಿ, ಇದನ್ನೂ ಹೇಳಿದವರಿದ್ದಾರೆ. ಕಡಲ ದಂಡೆಯಲ್ಲಿ ತಲೆ ಮೇಲಿರುವ ಗಾಳಿಯ ತೂಕ ಹತ್ತು ಮೀಟರ್ ನೀರಿನಷ್ಟು. ಬೆಟ್ಟದ ಮೇಲಿನ ನಮಗೆ ಅದರಲ್ಲಿ ಎಂಟನೇ ಒಂದರಷ್ಟು ಕಮ್ಮಿ. ತಡೆಯೋದು ಆ ಗಾಳಿಯೇ. ಬಾಹ್ಯಾಕಾಶದ ಗಾಮಾ ಕಿರಣವನ್ನಂತೂ (ಇದೂ ಬೆಳಕಿನ ಜಾತಿಯೇ, ಕಸುವು ಮಾತ್ರ ವಿಪರೀತ) ಅದು ನೆಲಕ್ಕೆ ಇಳಿಯೋಕೇ ಬಿಡಲ್ಲ, ಅದಕ್ಕೇ ಆ ಡಿಟೆಕ್ಟರ್‌ಗಳನ್ನು ಉಪಗ್ರಹದಲ್ಲಿಟ್ಟು ಮೇಲೆ ಕಳಿಸೋದು.