ಓಟಿಟಿ ಕಂಪನಿ ಕೈ ಬದಲಾದರೆ ನಿಮ್ಮ ಸಿನಿಮಾ ಯಾರ ಪಾಲು?

ತುಮಕೂರಿನ ವಕೀಲರ ಹತ್ತಿರ ಜಾಸ್ತಿ ಬರುವುದು ಜಮೀನಿನ ವ್ಯಾಜ್ಯಗಳೇ. ಆದರೆ ಇದು ಗುಬ್ಬಿ ವೀರಣ್ಣನವರ ಜಿಲ್ಲೆ. ನಾಟಕ ಆಡುವವರು, ಅದನ್ನು ಚಿತ್ರೀಕರಿಸುವವರು, ಕಡಿಮೆ ಬಜೆಟ್ಟಿನಲ್ಲಿ ಸಿನಿಮಾ ಮಾಡುವವರು ಓಟಿಟಿ ಅಗ್ರಿಮೆಂಟ್ ಹಿಡಿದು ನನ್ನ ಆಫೀಸಿಗೂ ಬರುತ್ತಾರೆ. ‘ಸಾರ್, ದುಡ್ಡೆಷ್ಟು ಸಿಗುತ್ತೆ ನೋಡಿ’ ಅನ್ನುತ್ತಾರೆ. ನಾನು ಮೊದಲು ಹುಡುಕುವುದು ಆ ಆ್ಯಪ್‌ನ ಯಜಮಾನ ಯಾರು ಎಂದು.

ಕಾರಣ ಇದೆ. 2018ರ ಜೂನ್‌ನಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿ ಟೈಮ್ ವಾರ್ನರ್ ಅನ್ನು ಕೊಂಡುಕೊಂಡಿತು. ವರ್ಷ ಮುಗಿಯುವುದರೊಳಗೆ ಟೈಮ್ ವಾರ್ನರ್ ಕೈಯಲ್ಲಿದ್ದ ಎರಡು ಓಟಿಟಿಗಳು ಮುಚ್ಚಿದವು: ಕೊರಿಯನ್ ಧಾರಾವಾಹಿಗಳ ಡ್ರಾಮಾಫೀವರ್ ಬಂದ್ ಆಯಿತು, ಹಳೆಯ ಒಳ್ಳೆಯ ಸಿನಿಮಾಗಳ ಫಿಲ್ಮ್‌ಸ್ಟ್ರಕ್ ಕೂಡ ಬಂದ್. ಎರಡಕ್ಕೂ ಪ್ರೀತಿಯಿಂದ ನೋಡುವ ಜನ ಇದ್ದರು. ಆದರೆ ಅಷ್ಟು ಜನರಿಗಾಗಿ ಬೇರೆ ಆ್ಯಪ್ ನಡೆಸುವುದು ಹೊಸ ಯಜಮಾನರ ಲೆಕ್ಕಕ್ಕೆ ಹೊಂದಲಿಲ್ಲ. ಫಿಲ್ಮ್‌ಸ್ಟ್ರಕ್‌ಗೆ ಸಿನಿಮಾ ಕೊಡುತ್ತಿದ್ದ ಕ್ರೈಟೀರಿಯನ್ ಮಾತ್ರ ತನ್ನ ಸಂಗ್ರಹ ಎತ್ತಿಕೊಂಡು ಹೊರಬಂತು. 2019ರ ಏಪ್ರಿಲ್‌ನಲ್ಲಿ ಸ್ವಂತ ಚಾನೆಲ್ ಶುರು ಮಾಡಿತು. ಕೈಯಲ್ಲಿ ಹಕ್ಕು ಇದ್ದುದರಿಂದ ಅದು ಸಾಧ್ಯವಾಯಿತು.

ನಮ್ಮಲ್ಲೂ ಇದೇ ನಡೆದಿದೆ. ವೂಟ್ ಆ್ಯಪ್ 2023ರಲ್ಲಿ ಜಿಯೋಸಿನಿಮಾದೊಳಗೆ ಸೇರಿಹೋಯಿತು. 2024ರ ನವೆಂಬರ್‌ನಲ್ಲಿ ಜಿಯೋಸಿನಿಮಾದ ವಯಾಕಾಂ18 ಮತ್ತು ಹಾಟ್‌ಸ್ಟಾರ್‌ನ ಸ್ಟಾರ್ ಇಂಡಿಯಾ ಒಂದಾದವು. 2025ರ ಫೆಬ್ರವರಿಯಲ್ಲಿ ಎರಡೂ ಆ್ಯಪ್ ಸೇರಿ ಜಿಯೋಹಾಟ್‌ಸ್ಟಾರ್ ಬಂತು. ನೋಡುವವರಿಗೆ ಆ್ಯಪ್ ಬದಲಾಯಿತು, ಅಷ್ಟೆ. ಸಿನಿಮಾ ಮಾರುವವರಿಗೆ ಕೊಳ್ಳುವವರೇ ಕಡಿಮೆಯಾದರು. ಕನ್ನಡಕ್ಕೆ ಮೊದಲೇ ಗಿರಾಕಿಗಳು ಕಡಿಮೆ. ರಕ್ಷಿತ್ ಶೆಟ್ಟಿಯಂಥವರೇ ‘ಏಕಂ’ ಸರಣಿಯನ್ನು 2024ರಲ್ಲಿ ಸ್ವಂತ ವೆಬ್‌ಸೈಟಿನಲ್ಲಿ ಬಿಡುಗಡೆ ಮಾಡಬೇಕಾಯಿತು. ಹೊಸಬರ ಪಾಡು ಹೇಳುವುದೇ ಬೇಡ.

ಈಗ ಕಾನೂನಿಗೆ ಬರೋಣ. ಎನ್‌ಸಿಎಲ್‌ಟಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಒಪ್ಪಿಗೆಯ ಮೇಲೆ ವಿಲೀನವಾದರೆ ಹಳೆ ಕಂಪನಿಯ ಕರಾರುಗಳು ಸಾಮಾನ್ಯವಾಗಿ ಹೊಸ ಕಂಪನಿಗೆ ಹೋಗುತ್ತವೆ. ಒಬ್ಬೊಬ್ಬರನ್ನೂ ಕರೆದು ಮತ್ತೆ ಸಹಿ ಹಾಕಿಸಿಕೊಳ್ಳುವುದಿಲ್ಲ. ಹೊಸಬರು ನಿಮ್ಮ ಸಿನಿಮಾವನ್ನು ತೋರಿಸದೆ ಸುಮ್ನೆ ಇಟ್ಟುಕೊಳ್ಳಬಹುದು. ಹಕ್ಕನ್ನು ಅವರೊಬ್ಬರಿಗೇ ಬರೆದುಕೊಟ್ಟಿದ್ದರೆ ನೀವು ಬೇರೆಯವರಿಗೆ ಕೊಡುವಂತೆಯೂ ಇಲ್ಲ.

ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಇಲ್ಲಿ ನಿಮ್ಮ ಪರವಾಗಿದೆ. ಅವಧಿ ಬರೆಯದಿದ್ದರೆ ಐದು ವರ್ಷ ಎಂದೇ ಅರ್ಥ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಆ ಹಕ್ಕು ಬಿದ್ದುಹೋಗುತ್ತದೆ. ಬರೀ ಲೈಸೆನ್ಸ್ ಕೊಟ್ಟಿದ್ದರೂ ಇದೇ ನಿಯಮ. ಆದರೆ ಕರಾರಿನಲ್ಲಿ ಬೇರೆ ರೀತಿ ಬರೆದಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಕಂಪನಿಯವರ ಡ್ರಾಫ್ಟ್‌ನಲ್ಲಿ ಬೇರೆ ರೀತಿಯೇ ಬರೆದಿರುತ್ತದೆ: ಶಾಶ್ವತವಾಗಿ, ಇಡೀ ಜಗತ್ತಿಗೆ, 19(4) (ಆ ಒಂದು ವರ್ಷದ ನಿಯಮ) ಅನ್ವಯಿಸುವುದಿಲ್ಲ. ಈ ಸಾಲು ಹಣದ ಪುಟದಲ್ಲಿರುವುದಿಲ್ಲ, ಕೊನೆಯ ಪುಟಗಳಲ್ಲಿ ಎಲ್ಲೋ ಅಡಗಿರುತ್ತದೆ. ಮೊದಲು ಅದನ್ನು ಹೊಡೆದುಹಾಕಿಸಿ.

ನಾನು ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹೆಚ್ಚು ಬರೆಯಲು ಬಿಡುವುದಿಲ್ಲ. ಆ್ಯಪ್‌ನಿಂದ ತೆಗೆದು ಮೂರು ತಿಂಗಳಾದರೆ ಹಕ್ಕು ವಾಪಸ್. ಯಜಮಾನಿಕೆ ಬದಲಾದರೆ ಮೊದಲೇ ನೋಟಿಸ್ ಬರಬೇಕು, ಬೇಡವೆನಿಸಿದರೆ ಹೊರಬರುವ ಅವಕಾಶ ಇರಬೇಕು. ಮಾಸ್ಟರ್ ಕಾಪಿ ನಿಮ್ಮ ಹತ್ತಿರವೇ ಇರಲಿ. ದೊಡ್ಡವರು ಇದಕ್ಕೆಲ್ಲ ಒಪ್ಪುವುದು ಅಪರೂಪ. ಸಣ್ಣ ಆ್ಯಪ್‌ನವರು ಒಪ್ಪುತ್ತಾರೆ, ಅವರಿಗೆ ಸಿನಿಮಾ ಬೇಕಲ್ವಾ.

ಆದರೆ ಸಣ್ಣವರ ಹತ್ತಿರ ಬರೀ ಪಾಲಿನ ಲೆಕ್ಕಕ್ಕೆ, ಅಂದರೆ ಬಂದ ಆದಾಯದಲ್ಲಿ ಇಷ್ಟು ಎಂಬ ಮಾತಿಗೆ, ಒಪ್ಪಬೇಡಿ. ಸಿಂಗಪುರದ ಟೆಲಿಕಾಂ ಕಂಪನಿ ಸಿಂಗ್‌ಟೆಲ್, ಸೋನಿ, ವಾರ್ನರ್ ಸೇರಿ ಕಟ್ಟಿದ ಹೂಕ್ ಎಂಬ ಓಟಿಟಿ ಕೂಡ 2020ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು. ಕಂಪನಿ ದಿವಾಳಿಯಾದರೆ ಬಾಕಿ ಬರಬೇಕಾದವರ ಸಾಲಿನಲ್ಲಿ ನೀವು ಬ್ಯಾಂಕುಗಳ ಹಿಂದೆ ನಿಲ್ಲುತ್ತೀರಿ. ಒಂದಷ್ಟು ಅಡ್ವಾನ್ಸ್ ತೆಗೆದುಕೊಳ್ಳಿ.

ಹಾಗಾದರೆ ಉಳಿಯುವವರು ಯಾರು? ನನ್ನ ಲೆಕ್ಕದಲ್ಲಿ ಒಂದೇ ಭಾಷೆಯ ಜನರನ್ನು ನಂಬಿಕೊಂಡವರು, ಜೊತೆಗೆ ಸ್ವಂತ ನಿರ್ಮಾಣ ಇರುವವರು. 2017ರಲ್ಲಿ ಶುರುವಾದ ಬಂಗಾಳಿಯ ಹೊಯ್‌ಚೊಯ್, 2020ರಲ್ಲಿ ಬಂದ ತೆಲುಗಿನ ಆಹಾ ಇಂಥವು. ಮನೆಯಲ್ಲಿ ತೆಲುಗು ಮಾತಾಡುವ ನಮ್ಮ ಪಾವಗಡದ ಕಡೆಯವರಿಗೆ ಆಹಾ ಯಾಕೆ ಬೇಕು ಎಂದು ವಿವರಿಸಬೇಕಿಲ್ಲ. ಕೇರಳ ಸರ್ಕಾರ 2024ರಲ್ಲಿ ಸಿ ಸ್ಪೇಸ್ ಎಂಬ ಓಟಿಟಿ ತಂದಿತು. ನೋಡಿದ ಸಿನಿಮಾಕ್ಕಷ್ಟೇ ದುಡ್ಡು. ಕರ್ನಾಟಕವೂ 2025ರ ಬಜೆಟ್ಟಿನಲ್ಲಿ ಸರ್ಕಾರಿ ಓಟಿಟಿ ಘೋಷಿಸಿತು. ಅದರ ಅಗ್ರಿಮೆಂಟ್ ಕೈಗೆ ಬಂದಾಗ, ಸರ್ಕಾರದ್ದು ತಾನೇ ಎಂದು ಓದದೆ ಸಹಿ ಹಾಕಬೇಡಿ. ಅವಧಿ ಎಷ್ಟು, ತೆಗೆದುಹಾಕಿದರೆ ಹಕ್ಕು ಯಾರಿಗೆ ಎಂಬುದನ್ನು ಅಲ್ಲೂ ನೋಡಿಕೊಳ್ಳಿ.